ಪಿಎಚ್‌ಡಿ ಅರ್ಜಿ ಹಾಕುವ ಮುನ್ನ: ಕೊಡಗಿನ ಅಭ್ಯರ್ಥಿಗಳಿಗೆ ಅರ್ಹತೆಯ ದಾರಿ

ಸ್ನಾತಕೋತ್ತರ ಪದವಿ ಮುಗಿಸಿ ಸಂಶೋಧನೆಗೆ ಮನಸ್ಸು ಮಾಡಿದವರು ಕೊಡಗಿನಲ್ಲಿ ಕಡಿಮೆಯೇನಿಲ್ಲ. ಅವರಲ್ಲಿ ಅಂಕ ಸಾಲದೆ ಹಿಂದೆ ಬಿದ್ದವರಿಗಿಂತ, ಕಾಗದಪತ್ರ ಹೊತ್ತಿಗೆ ಸರಿಯಾಗಿ ಕೈಗೆ ಬಾರದೆ ಒಂದು ವರ್ಷ ಕಳೆದುಕೊಂಡವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಪ್ರವೇಶದ ಅಧಿಸೂಚನೆ ಹೊರಬಿದ್ದ ಮೇಲೆ ಕೊನೆಯ ದಿನಕ್ಕೆ ಉಳಿಯುವುದು ಕೆಲವೇ ವಾರ. ಆ ಕೆಲವು ವಾರದಲ್ಲಿ ಜಾತಿ ಪ್ರಮಾಣಪತ್ರ, ಮೈಗ್ರೇಶನ್ ಸರ್ಟಿಫಿಕೇಟ್ (ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಪತ್ರ), ಗೈಡ್ (ಸಂಶೋಧನಾ ಮಾರ್ಗದರ್ಶಕರ) ಒಪ್ಪಿಗೆ, ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಎಲ್ಲವನ್ನೂ ಹೊಂದಿಸುವುದು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕುಳಿತವರಿಗೆ ಆಗದ ಕೆಲಸ. ಹಾಗಾಗಿ ಇಲ್ಲಿ ಹೇಳುವ ಕೆಲಸಗಳನ್ನು ಅಧಿಸೂಚನೆಗೆ ಕನಿಷ್ಠ ಆರು ತಿಂಗಳು ಮೊದಲೇ ಶುರುಮಾಡಿ.

ಮೊದಲು ಅಂಕ ನೋಡಿಕೊಳ್ಳಿ

ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರವೇಶಕ್ಕೆ ಆಧಾರವಾಗಿರುವುದು 2022ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹೊರಡಿಸಿದ ನಿಯಮಾವಳಿ. ಅದರ ಪ್ರಕಾರ 3 ವರ್ಷದ ಪದವಿಯ ಮೇಲೆ 2 ವರ್ಷದ ಸ್ನಾತಕೋತ್ತರ ಪದವಿ ಮಾಡಿದವರಿಗೆ, ಅಥವಾ 4 ವರ್ಷದ ಪದವಿಯ ಮೇಲೆ 1 ವರ್ಷದ ಸ್ನಾತಕೋತ್ತರ ಪದವಿ ಮಾಡಿದವರಿಗೆ ಕನಿಷ್ಠ ಶೇ 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ (ಮೀಸಲಾತಿ ಸಿಗದ ಸ್ಥಿತಿವಂತರ ಗುಂಪು) ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5ರಷ್ಟು ರಿಯಾಯಿತಿ ಇದೆ.

4 ವರ್ಷದ ಪದವಿ ಮುಗಿಸಿ, ಸ್ನಾತಕೋತ್ತರ ಓದದೆ ನೇರವಾಗಿ ಪಿಎಚ್‌ಡಿಗೆ ಹೋಗುವ ದಾರಿಯೂ ಉಂಟು. ಅದಕ್ಕೆ ಶೇ 75 ಅಂಕ ಬೇಕು. ಕರ್ನಾಟಕದಲ್ಲಿ ಈ ದಾರಿ ಮುಖ್ಯವಾಗಿ 2021-22ರಿಂದ 2023-24ರವರೆಗೆ ಪದವಿಗೆ ಸೇರಿ, ನಾಲ್ಕನೇ ವರ್ಷದ ಆನರ್ಸ್ ಆಯ್ದುಕೊಂಡವರದು; 2024-25ರಿಂದ ರಾಜ್ಯ ಮತ್ತೆ 3 ವರ್ಷದ ಪದವಿಗೆ ಮರಳಿದೆ. ಈ ದಾರಿ ಹಿಡಿಯುವವರಿಗೆ ನನ್ನದೊಂದು ಮಾತು: ನಿಯಮ ಬಿಡುತ್ತದೆ ಎಂಬ ಒಂದೇ ಕಾರಣಕ್ಕೆ ಅವಸರ ಮಾಡಬೇಡಿ. ಭಾಷೆ, ಇತಿಹಾಸ, ಸಮಾಜಶಾಸ್ತ್ರದಂಥ ವಿಷಯಗಳಲ್ಲಿ ಸ್ನಾತಕೋತ್ತರದ ಓದು ಮುಂದೆ ಸಿನಾಪ್ಸಿಸ್ ಬರೆಯುವಾಗ ಕೈಹಿಡಿಯುತ್ತದೆ.

ಶೇ 54.8 ಅಂಕವನ್ನು 55 ಎಂದು ಯಾರೂ ಎಣಿಸುವುದಿಲ್ಲ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಸೂಚನೆಯಲ್ಲೇ ಈ ಶೇಕಡಾವಾರನ್ನು ಮೇಲಕ್ಕೆ ಸರಿದೂಗಿಸುವಂತಿಲ್ಲ ಎಂದಿದೆ. ಅಂಕಪಟ್ಟಿಯಲ್ಲಿ ಗ್ರೇಡ್ ಮಾತ್ರ ಇದ್ದರೆ ಅದನ್ನು ಶೇಕಡಾವಾರಿಗೆ ಪರಿವರ್ತಿಸಿದ ಪತ್ರವನ್ನು ನೀವು ಓದಿದ ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗದಿಂದಲೇ ಪಡೆಯಿರಿ. ಪರಿವರ್ತನೆಯ ಸೂತ್ರ ಒಂದೊಂದು ಕಡೆ ಒಂದೊಂದು ಬಗೆ ಇರುವುದರಿಂದ ನೀವೇ ಲೆಕ್ಕ ಹಾಕಿ ಬರೆದುದಕ್ಕೆ ಬೆಲೆ ಇಲ್ಲ.

ಮುಕ್ತ ವಿಶ್ವವಿದ್ಯಾಲಯದಿಂದ ಎಂ.ಎ. ಮಾಡಿದವರು ನಮ್ಮಲ್ಲಿ ಬಹಳ ಮಂದಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಕೆಲವು ವರ್ಷ ಯುಜಿಸಿ ಮಾನ್ಯತೆ ಕಳೆದುಕೊಂಡು, 2018-19ರಿಂದ ಮತ್ತೆ ಪಡೆದುಕೊಂಡಿತು. ನಿಮ್ಮ ಕೋರ್ಸು ನೀವು ಸೇರಿದ ವರ್ಷದಲ್ಲಿ ಮಾನ್ಯತೆ ಪಡೆದಿತ್ತೇ ಎಂಬುದನ್ನು ಅರ್ಜಿಗೆ ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳಿ.

ಕಾಫಿ ತೋಟ, ಜಾತಿ ಪ್ರಮಾಣಪತ್ರ ಮತ್ತು ಹೆಸರು

ಕೊಡಗಿನವರು ಹೆಚ್ಚು ಎಚ್ಚರ ವಹಿಸಬೇಕಾದ ಜಾಗ ಇದು. ಬೇರೆ ಜಿಲ್ಲೆಯ ಗೆಳೆಯರು ಹೇಳಿದ ಸಲಹೆ ಇಲ್ಲಿ ಎಷ್ಟೋ ಸಲ ಹೊಂದುವುದಿಲ್ಲ.

ರಾಜ್ಯದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ಕೇಳುವುದು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ರಾಜ್ಯದ ಪ್ರಮಾಣಪತ್ರ. ನೆಟ್ ಪರೀಕ್ಷೆಗೆ, ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಕೇಂದ್ರದ ಫೆಲೋಶಿಪ್‌ಗೆ ಬೇಕಿರುವುದು ಕೇಂದ್ರದ ನಮೂನೆಯ ಹಿಂದುಳಿದ ವರ್ಗದ ಪ್ರಮಾಣಪತ್ರ. ಎರಡಕ್ಕೂ ಪಟ್ಟಿ ಬೇರೆ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ನಿಮ್ಮ ಸಮುದಾಯ ಕೇಂದ್ರದ ಪಟ್ಟಿಯಲ್ಲೂ ಇದೆಯೇ ಎಂದು ಮೊದಲು ನೋಡಿ, ಆಮೇಲೆ ತಾಲೂಕು ಕಚೇರಿಗೆ ಹೋಗಿ.

ಇನ್ನು ಕೆನೆಪದರದ ಮಾತು. ವರ್ಷಕ್ಕೆ 8 ಲಕ್ಷ ರೂಪಾಯಿ ಎಂಬ ಮಿತಿ ಎಲ್ಲರಿಗೂ ಗೊತ್ತು. ಆ ಲೆಕ್ಕಕ್ಕೆ ಕೃಷಿ ಭೂಮಿಯ ಆದಾಯ ಸೇರುವುದಿಲ್ಲ ಎಂಬುದನ್ನೂ ಹಲವರು ಕೇಳಿದ್ದಾರೆ. ಆದರೆ ಕೇಂದ್ರದ 1993ರ ಆದೇಶದಲ್ಲಿ ಕಾಫಿ, ಚಹಾ, ರಬ್ಬರ್ ತೋಟಗಳನ್ನು ಸಾಮಾನ್ಯ ಕೃಷಿ ಜಮೀನಿನಿಂದ ಬೇರೆಯಾಗಿಯೇ ಇಟ್ಟಿದ್ದಾರೆ. ಅವುಗಳ ಆದಾಯಕ್ಕೆ ಈ ಮಿತಿ ಅನ್ವಯಿಸುತ್ತದೆ. ಎಂದರೆ ಗದ್ದೆಯ ಭತ್ತದ ಆದಾಯ 8 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ (ಗದ್ದೆಗೆ ವಿಸ್ತೀರ್ಣದ ಮಿತಿ ಬೇರೆ ಇದೆ), ತೋಟದ ಕಾಫಿಯ ಆದಾಯ ಬರುತ್ತದೆ. ನೋಡುವುದು ಸತತ 3 ವರ್ಷದ ಆದಾಯವನ್ನು. 2024ರಿಂದ ರೊಬಸ್ಟಾ ಬೆಲೆ ದಾಖಲೆ ಮಟ್ಟ ಮುಟ್ಟಿದ ಮೇಲೆ, ಹಿಂದೆ ಮಿತಿಯೊಳಗಿದ್ದ ಸಣ್ಣ ಬೆಳೆಗಾರರ ಮಕ್ಕಳೂ ಈ ಲೆಕ್ಕವನ್ನು ಮತ್ತೆ ಹಾಕಿ ನೋಡಬೇಕಾಗಿದೆ. ಹಳೆಯ ಪ್ರಮಾಣಪತ್ರ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಸುಳ್ಳು ಆದಾಯ ತೋರಿಸಿ ಪಡೆದ ಪತ್ರದಿಂದ ನಾಲ್ಕು ವರ್ಷದ ದುಡಿಮೆಯ ನಂತರ ಪದವಿಯನ್ನೇ ಕಳೆದುಕೊಳ್ಳುವ ಅಪಾಯ ಯಾರಿಗೂ ಬೇಡ.

ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರದಲ್ಲಿ ತೊಡಕು ಬೇರೆ ರೀತಿಯದು. ಅಲ್ಲಿ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೂ ಕುಟುಂಬಕ್ಕೆ 5 ಎಕರೆ ಅಥವಾ ಹೆಚ್ಚು ಕೃಷಿ ಭೂಮಿ ಇದ್ದರೆ ಅನರ್ಹ. ಕುಟುಂಬ ಎಂದರೆ ಅಭ್ಯರ್ಥಿ, ತಂದೆ ತಾಯಿ, ಪತಿ ಅಥವಾ ಪತ್ನಿ, 18 ತುಂಬದ ಒಡಹುಟ್ಟಿದವರು ಮತ್ತು ಮಕ್ಕಳು. ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ) ಇಡೀ ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿ ಇನ್ನೂ ಪಾಲಾಗದೆ ಉಳಿದಿರುವ ಮನೆಗಳಲ್ಲಿ ಆರ್‌ಟಿಸಿ ತೋರಿಸುವ ವಿಸ್ತೀರ್ಣ ಒಂದು, ನಿಮ್ಮ ಕುಟುಂಬ ನಿಜವಾಗಿ ಅನುಭವಿಸುತ್ತಿರುವುದು ಇನ್ನೊಂದು. ಇಂಥವರು ಪಟ್ಟೇದಾರರ (ಒಕ್ಕದ ಮುಖ್ಯಸ್ಥರ) ಹೇಳಿಕೆ, ವಂಶವೃಕ್ಷ, ಆರ್‌ಟಿಸಿ ಮೂರನ್ನೂ ಹಿಡಿದು ತಹಶೀಲ್ದಾರರನ್ನು ಖುದ್ದಾಗಿ ಕಾಣುವುದು ಒಳ್ಳೆಯದು. ಈ ಪತ್ರ ಆಯಾ ಆರ್ಥಿಕ ವರ್ಷಕ್ಕೆ ಸಂಬಂಧಿಸಿದ್ದು, ಏಪ್ರಿಲ್ ಬಂದರೆ ಹೊಸದು ಮಾಡಿಸಬೇಕು. ಪಿಎಚ್‌ಡಿ ನಿಯಮಾವಳಿ ಈ ವರ್ಗಕ್ಕೆ ಅಂಕದಲ್ಲಿ ರಿಯಾಯಿತಿ ಕೊಡುತ್ತದೆ, ನೆಟ್ ಪರೀಕ್ಷೆ ಕೊಡುವುದಿಲ್ಲ. ಅಲ್ಲಿ ಇವರಿಗೂ ಶೇ 55 ಬೇಕೇ ಬೇಕು.

ಮದುವೆಯಾದ ಹೆಣ್ಣುಮಕ್ಕಳು ಗಮನಿಸಬೇಕಾದ ವ್ಯತ್ಯಾಸ ಒಂದಿದೆ. ಕೆನೆಪದರದ ಲೆಕ್ಕದಲ್ಲಿ ನೋಡುವುದು ತಂದೆ ತಾಯಿಯ ಸ್ಥಿತಿಯನ್ನು, ಗಂಡನ ಆದಾಯವನ್ನಲ್ಲ. ಆರ್ಥಿಕ ದುರ್ಬಲ ವರ್ಗದ ಲೆಕ್ಕದಲ್ಲಾದರೆ ಗಂಡನ ಆದಾಯವೂ ಸೇರುತ್ತದೆ.

ಹೆಸರಿನ ವಿಷಯ ಚಿಕ್ಕದಾಗಿ ಕಾಣುತ್ತದೆ, ಆದರೆ ಅರ್ಜಿ ತಿರಸ್ಕಾರವಾಗಲು ಅದೇ ಸಾಕು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಮನೆಹೆಸರು ಪೂರ್ತಿ, ಪದವಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಸೇರಿಕೊಂಡು, ಮದುವೆಯಾದ ಮೇಲೆ ಬ್ಯಾಂಕ್ ಪುಸ್ತಕದಲ್ಲಿ ಗಂಡನ ಮನೆಹೆಸರು ಬಂದಿರುತ್ತದೆ. ನೆಟ್ ಅರ್ಜಿಯಿಂದ ಹಿಡಿದು ಫೆಲೋಶಿಪ್ ಖಾತೆಯವರೆಗೆ ಇವೆಲ್ಲ ಒಂದೇ ಆಗಿರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಇರುವ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದುಪಡಿ, ಮದುವೆಯ ನೋಂದಣಿ ಪತ್ರ, ನೋಟರಿ ಅಫಿಡವಿಟ್ ಇವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಮೈಗ್ರೇಶನ್ ಸರ್ಟಿಫಿಕೇಟ್ ಮರೆಯಬೇಡಿ. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾಗುವವರೆಗೆ ಜಿಲ್ಲೆಯ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆಗ ಓದಿದವರು ಈಗ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯದಲ್ಲೇ ಪಿಎಚ್‌ಡಿಗೆ ಸೇರಿದರೂ ಕಾಗದದ ಲೆಕ್ಕದಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದವರೇ. ಘಟಿಕೋತ್ಸವದ ಪ್ರಮಾಣಪತ್ರ ಇನ್ನೂ ತೆಗೆದುಕೊಂಡಿಲ್ಲದವರು ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಯ ಒಂದೇ ಪ್ರಯಾಣದಲ್ಲಿ ಎರಡೂ ಕೆಲಸ ಮುಗಿಸಬಹುದು.

ನೆಟ್ ಬರೆಯಬೇಕೇ, ವಿಶ್ವವಿದ್ಯಾಲಯದ ಪರೀಕ್ಷೆ ಸಾಕೇ?

ಎರಡನ್ನೂ ಬರೆಯಿರಿ ಎಂಬುದೇ ನನ್ನ ಉತ್ತರ. ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಆವೃತ್ತಿಯಾಗಿ ನಡೆಯುತ್ತದೆ. 3 ಗಂಟೆಯಲ್ಲಿ ಎರಡು ಪತ್ರಿಕೆ: ಮೊದಲನೆಯದರಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ ನಿಮ್ಮ ವಿಷಯದ 100 ಪ್ರಶ್ನೆ, ಪ್ರತಿಯೊಂದಕ್ಕೂ 2 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಸ್ನಾತಕೋತ್ತರದ ಕೊನೆಯ ವರ್ಷದಲ್ಲಿ ಇರುವವರೂ ಬರೆಯಬಹುದು.

2024ರಿಂದ ನೆಟ್ ಫಲಿತಾಂಶ ಮೂರು ವಿಧವಾಗಿ ಬರುತ್ತಿದೆ. ಮೊದಲನೆಯವರಿಗೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್), ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ, ಪಿಎಚ್‌ಡಿ ಪ್ರವೇಶ ಮೂರೂ ಸಿಗುತ್ತವೆ. ಎರಡನೆಯವರಿಗೆ ಜೆಆರ್‌ಎಫ್ ಬಿಟ್ಟು ಉಳಿದೆರಡು. ಮೂರನೆಯವರಿಗೆ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ. ಕೊನೆಯ ಎರಡು ವಿಧದಲ್ಲಿ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ, ಮತ್ತು ಆ ಅಂಕ ಪಿಎಚ್‌ಡಿ ಪ್ರವೇಶಕ್ಕೆ ಒಂದು ವರ್ಷ ಮಾತ್ರ ನಡೆಯುತ್ತದೆ. ಫಲಿತಾಂಶ ಬಂದ ಮೇಲೆ ಗೈಡ್ ಹುಡುಕಲು ಹೊರಟರೆ ಆ ಒಂದು ವರ್ಷ ಹುಡುಕಾಟದಲ್ಲೇ ಮುಗಿಯುತ್ತದೆ.

ಜೆಆರ್‌ಎಫ್‌ಗೆ ವಯೋಮಿತಿ 30 ವರ್ಷ. ಮಹಿಳೆಯರಿಗೆ ಮತ್ತು (ಆರ್ಥಿಕವಾಗಿ ದುರ್ಬಲ ವರ್ಗ ಬಿಟ್ಟು) ಮೀಸಲು ವರ್ಗದವರಿಗೆ 5 ವರ್ಷ ಸಡಿಲಿಕೆ ಇದೆ. 2023ರ ಪರಿಷ್ಕರಣೆಯ ನಂತರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೊಠಡಿ ಬಾಡಿಗೆ ಹಿಡಿದು ಓದಬೇಕಾದ ಮಕ್ಕಳಿಗೆ ಈ ಹಣ ಇದ್ದರೆ ಮನೆಯವರ ಮೇಲೆ ಭಾರ ಹಾಕದೆ ಓದು ಮುಗಿಸಬಹುದು. ಎರವ, ಜೇನುಕುರುಬ, ಬೆಟ್ಟಕುರುಬ, ಕುಡಿಯ ಸಮುದಾಯಗಳ ಅಭ್ಯರ್ಥಿಗಳಿಗೆ ಕೇಂದ್ರ ಬುಡಕಟ್ಟು ಸಚಿವಾಲಯದ ರಾಷ್ಟ್ರೀಯ ಫೆಲೋಶಿಪ್ ಬೇರೆಯೇ ಇದೆ, ಅದನ್ನು ಕೇಳಿ ಪಡೆಯಿರಿ. ಹಾಡಿಯಿಂದ ಸ್ನಾತಕೋತ್ತರದವರೆಗೆ ಓದಿ ಬಂದ ಒಬ್ಬ ಹುಡುಗಿಗೆ ಈ ಯೋಜನೆ ಇದೆ ಎಂದು ಹೇಳುವವರೇ ಇಲ್ಲದೆ ಹೋಗಬಾರದು. ಅವಳ ಅಧ್ಯಾಪಕರಾದ ನಾವು ಹೇಳಬೇಕು.

ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆ ಸಂಶೋಧನಾ ವಿಧಾನದ ಮೇಲೆ, ಇನ್ನರ್ಧ ವಿಷಯದ ಮೇಲೆ. ಸಂದರ್ಶನಕ್ಕೆ ಕರೆ ಬರಲು ಶೇ 50 ಬೇಕು, ಮೀಸಲು ವರ್ಗಕ್ಕೆ ಶೇ 45. ಹೆಚ್ಚಿನವರು ವಿಷಯವನ್ನು ಓದಿಕೊಂಡು ಹೋಗಿ ಮೊದಲರ್ಧದಲ್ಲಿ ಎಡವುತ್ತಾರೆ. ಪ್ರಾಕ್ಕಲ್ಪನೆ, ಮಾದರಿ ಆಯ್ಕೆ, ಪ್ರಾಥಮಿಕ ಮತ್ತು ದ್ವಿತೀಯಕ ಆಕರಗಳ ವ್ಯತ್ಯಾಸ, ಪ್ರಶ್ನಾವಳಿ, ಅಡಿಟಿಪ್ಪಣಿ ಬರೆಯುವ ಕ್ರಮ, ಕೃತಿಚೌರ್ಯ ಇವನ್ನು ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳು ಓದಿದರೆ ಸಾಕಾಗುತ್ತದೆ. ಕೆಸೆಟ್ (ರಾಜ್ಯದ ಸಹಾಯಕ ಪ್ರಾಧ್ಯಾಪಕ ಅರ್ಹತಾ ಪರೀಕ್ಷೆ) ಪಾಸಾದವರು ಅದರಿಂದ ಪ್ರವೇಶ ಪರೀಕ್ಷೆಯ ವಿನಾಯಿತಿ ತಾನಾಗಿ ಸಿಗುತ್ತದೆ ಎಂದುಕೊಳ್ಳದೆ, ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿ ಆ ಸಾಲನ್ನು ಹುಡುಕಿ ಓದಬೇಕು.

ಎಲ್ಲಿ ಸೇರುವುದು, ಗೈಡ್ ಹೇಗೆ ಸಿಗುತ್ತಾರೆ?

ಕೊಡಗು ವಿಶ್ವವಿದ್ಯಾಲಯ ಹತ್ತಿರದ್ದು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ವಿಲೀನಗೊಳಿಸುವ ಚರ್ಚೆ ಸರ್ಕಾರದ ಮಟ್ಟದಲ್ಲಿ ನಡೆದಿರುವುದರಿಂದ, ಸೇರುವ ವರ್ಷದ ಸ್ಥಿತಿಯನ್ನೂ ನಿಮ್ಮ ವಿಷಯದಲ್ಲಿ ಕಾಯಂ ಅಧ್ಯಾಪಕರು ಇದ್ದಾರೆಯೇ ಎಂಬುದನ್ನೂ ಕೇಳಿ ತಿಳಿಯಿರಿ. ಮಂಗಳೂರು, ಮೈಸೂರು ವಿಶ್ವವಿದ್ಯಾಲಯಗಳು ನಮಗೆ ಬಳಕೆಯ ದಾರಿ. ಕನ್ನಡದಲ್ಲೇ ಪ್ರಬಂಧ ಬರೆಯಬೇಕೆನ್ನುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ. ಅರಣ್ಯಶಾಸ್ತ್ರದವರಿಗೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಮನೆಬಾಗಿಲಲ್ಲೇ ಇದೆ. ಅದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಕೃಷಿ ವಿಶ್ವವಿದ್ಯಾಲಯಗಳ ಪ್ರವೇಶ ಕ್ರಮ ಬೇರೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರ ಇವು ಪದವಿ ಕೊಡುವ ಸಂಸ್ಥೆಗಳಲ್ಲ. ಆದರೂ ಸಸ್ಯಶಾಸ್ತ್ರ, ಕೀಟಶಾಸ್ತ್ರ, ಮಣ್ಣುವಿಜ್ಞಾನದ ಅಭ್ಯರ್ಥಿಗಳು ಅಲ್ಲಿನ ವಿಜ್ಞಾನಿಗಳನ್ನು ಮಾತಾಡಿಸಿದರೆ ಯಾವ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ ಎಂಬುದು ಗೊತ್ತಾಗುತ್ತದೆ.

ಸೀಟಿನ ಸಂಖ್ಯೆ ನಿಂತಿರುವುದು ಗೈಡ್‌ಗಳ ಮೇಲೆ. ಪ್ರಾಧ್ಯಾಪಕರ ಬಳಿ ಒಂದು ಹೊತ್ತಿಗೆ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ಸಂಶೋಧನಾರ್ಥಿಗಳು ಇರಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಬೇರೆ ಸಂಸ್ಥೆಯ ಅಧ್ಯಾಪಕರು ಸಹ ಮಾರ್ಗದರ್ಶಕರಾಗಬಹುದೇ ಹೊರತು ಮುಖ್ಯ ಮಾರ್ಗದರ್ಶಕರಾಗಲಾರರು. ಖಾಲಿ ಸ್ಥಾನಗಳ ಪಟ್ಟಿ ಅಧಿಸೂಚನೆಯ ಜೊತೆ ಬರುತ್ತದೆ. ಅದಕ್ಕೆ ಕಾಯದೆ ಮೊದಲೇ ಒಂದು ಪತ್ರ ಬರೆಯಿರಿ. ಉದ್ದ ಬೇಡ, ಇಷ್ಟು ಸಾಕು:

“ಮಾನ್ಯ ಮೇಡಂ, ನಮಸ್ಕಾರ. ನಾನು ಮಡಿಕೇರಿಯವಳು, ಎಂ.ಎ. ಸಮಾಜಶಾಸ್ತ್ರ, ಶೇ 63. ದೇವರಕಾಡುಗಳ ನಿರ್ವಹಣೆಯಲ್ಲಿ ಊರಿನ ದೇವಸ್ಥಾನ ಸಮಿತಿಗಳ ಪಾತ್ರದ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ. ಈ ವಿಷಯದಲ್ಲಿ ತಮ್ಮ ಎರಡು ಲೇಖನ ಓದಿದ್ದೇನೆ. ಒಂದು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ಮುಂದಿನ ಪ್ರವೇಶದಲ್ಲಿ ತಮ್ಮಲ್ಲಿ ಸ್ಥಾನ ಖಾಲಿ ಇರುತ್ತದೆಯೇ ಎಂದು ತಿಳಿಸಿದರೆ, ತಮಗೆ ಅನುಕೂಲವಾದ ದಿನ ಬಂದು ಕಾಣುತ್ತೇನೆ.”

ಲೇಖನ ಓದಿದ್ದೇನೆ ಎಂದು ಬರೆದರೆ ಖಂಡಿತ ಓದಿರಬೇಕು. ಮೊದಲ ಭೇಟಿಯಲ್ಲೇ ಅದರ ಮಾತು ಬರುತ್ತದೆ.

ಸಿನಾಪ್ಸಿಸ್

“ಕೊಡಗಿನ ಸಂಸ್ಕೃತಿ: ಒಂದು ಅಧ್ಯಯನ” ಎಂಬಂಥ ಶೀರ್ಷಿಕೆ ಇಟ್ಟುಕೊಂಡು ಹೋದರೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಯಾರ ಸಂಸ್ಕೃತಿ, ಯಾವ ಕಾಲದ್ದು, ಯಾವ ಆಕರದಿಂದ? ವಿಷಯವನ್ನು ಜಾಗ, ಕಾಲ, ಆಕರ ಈ ಮೂರರಿಂದ ಇಕ್ಕಟ್ಟು ಮಾಡುತ್ತ ಬನ್ನಿ. ದೇವರಕಾಡನ್ನೇ ತೆಗೆದುಕೊಳ್ಳಿ. ಇಡೀ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಎಲ್ಲವನ್ನೂ ಒಬ್ಬರು ಸುತ್ತಿ ಮುಗಿಸಲಾರರು. ಪೊನ್ನಂಪೇಟೆ ತಾಲೂಕಿನ ಕೆಲವು ಊರುಗಳನ್ನು ಆಯ್ದು, ಅರಣ್ಯ ಮತ್ತು ಕಂದಾಯ ದಾಖಲೆಯ ವಿಸ್ತೀರ್ಣವನ್ನೂ ಇಂದು ಉಳಿದಿರುವ ಕಾಡನ್ನೂ ಹೋಲಿಸಿ, ಸಮಿತಿ ಗಟ್ಟಿಯಾಗಿರುವ ಊರಿನಲ್ಲಿ ಕಾಡು ಉಳಿದಿದೆಯೇ ಎಂದು ಕೇಳಿದರೆ ಅದು ಸಂಶೋಧನೆಯ ಪ್ರಶ್ನೆ. ಇತಿಹಾಸದವರು 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲಿನ ಭೂಕಂದಾಯದ ಬದಲಾವಣೆಯನ್ನೋ, 1956ರಲ್ಲಿ ಮೈಸೂರು ರಾಜ್ಯದೊಂದಿಗೆ ವಿಲೀನವಾದ ಆಸುಪಾಸಿನ ಆಡಳಿತವನ್ನೋ ಹೀಗೆಯೇ ಕಿರಿದಾಗಿಸಬಹುದು. ಅರೆಭಾಷೆ, ಕೊಡವ, ಎರವ ನುಡಿಗಳ ಮೇಲೆ ಮಾಡುವ ಕೆಲಸ ಬೆಟ್ಟದಷ್ಟು ಬಾಕಿ ಇದೆ.

ಹಾಡಿಗಳಲ್ಲಿ ಕ್ಷೇತ್ರಕಾರ್ಯ ಮಾಡುವವರು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕಾಗುತ್ತದೆ ಎಂಬುದನ್ನೂ, ನಾಗರಹೊಳೆಯ ಒಳಗೆ ಕೆಲಸ ಮಾಡುವವರು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನೂ ಸಿನಾಪ್ಸಿಸ್‌ನಲ್ಲೇ ಬರೆಯಿರಿ. ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆಂದು ಯೋಚಿಸಿ ಬಂದವರು ಎಂಬುದು ಓದುವವರಿಗೆ ಅಲ್ಲೇ ತಿಳಿಯುತ್ತದೆ. ಸಂದರ್ಶನದಲ್ಲಿ ಅವರು ತೂಗುವುದೂ ಇದನ್ನೇ: ಅಭ್ಯರ್ಥಿಗೆ ಸಾಮರ್ಥ್ಯ ಇದೆಯೇ, ಈ ಕೆಲಸ ಈ ಸಂಸ್ಥೆಯಲ್ಲಿ ಸಾಧ್ಯವೇ, ಇದರಿಂದ ಹೊಸ ತಿಳಿವು ಬರುತ್ತದೆಯೇ.

ಕೆಲಸದಲ್ಲಿದ್ದುಕೊಂಡು ಮಾಡುವವರಿಗೆ

ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಇದೆ, ಅರ್ಹತೆ ಎಲ್ಲರಿಗೂ ಒಂದೇ. ಇಲಾಖೆ ಅಥವಾ ಆಡಳಿತ ಮಂಡಳಿಯ ನಿರಾಕ್ಷೇಪಣಾ ಪತ್ರದಲ್ಲಿ ಮೂರು ಮಾತು ಇರಬೇಕು: ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಕರ್ತವ್ಯದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯವಿದ್ದರೆ ಕೋರ್ಸ್ ವರ್ಕ್‌ಗೆ (ಪಿಎಚ್‌ಡಿಯ ಕಡ್ಡಾಯ ತರಗತಿಗಳಿಗೆ) ಬಿಡುಗಡೆ ಮಾಡಲಾಗುತ್ತದೆ. ಪತ್ರದ ಕರಡನ್ನು ನೀವೇ ಬರೆದುಕೊಂಡು ಹೋಗಿ ಕೊಟ್ಟರೆ ಈ ಮೂರೂ ತಪ್ಪದೆ ಬರುತ್ತವೆ. ಕೋರ್ಸ್ ವರ್ಕ್ 12ರಿಂದ 16 ಕ್ರೆಡಿಟ್, ಅದರಲ್ಲಿ ಶೇ 55 ಪಡೆಯಬೇಕು. ಒಟ್ಟು ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷ. ಹೆರಿಗೆ ಮತ್ತು ಶಿಶುಪಾಲನೆಗೆಂದು 240 ದಿನದವರೆಗೆ ರಜೆ ಇದೆ. ಮಗು ಸಣ್ಣದೆಂದು ಸಂಶೋಧನೆಯ ಆಸೆಯನ್ನೇ ಬಿಟ್ಟ ಅಧ್ಯಾಪಕಿಯರು ಈ ಅವಧಿಯನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಆನ್‌ಲೈನ್‌ನಲ್ಲೋ ದೂರಶಿಕ್ಷಣದಲ್ಲೋ ಪಿಎಚ್‌ಡಿ ಕೊಡಿಸುತ್ತೇವೆ ಎನ್ನುವವರ ಬಲೆಗೆ ಬೀಳಬೇಡಿ. ನಿಯಮಾವಳಿ ಅದನ್ನು ಒಪ್ಪುವುದಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಕಂಪನಿಗಳು ನಡೆಸುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಪಿಎಚ್‌ಡಿಗೆ ಸೇರಿಸಿಕೊಳ್ಳುವುದನ್ನು 5 ವರ್ಷ ತಡೆಹಿಡಿಯಿತು. ಎಂ.ಫಿಲ್. ಕೂಡ ಈಗ ಇಲ್ಲ. ಯಾರಾದರೂ ಹೊಸದಾಗಿ ಸೇರಿಸಿಕೊಳ್ಳುತ್ತೇವೆಂದರೆ ನಂಬಬೇಡಿ.

ಮಳೆಗಾಲ ಮತ್ತು ಕೊಯ್ಲಿನ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಹೇಳದೆ ಕೇಳದೆ ಹೋಗುತ್ತವೆ. ಈ ತಿಂಗಳುಗಳಲ್ಲಿ ಬರುವ ಯಾವುದೇ ಅರ್ಜಿಗೆ ಕೊನೆಯ ದಿನಕ್ಕಿಂತ ಒಂದು ವಾರ ಮುಂಚಿನ ದಿನವನ್ನೇ ನಿಮ್ಮ ಕೊನೆಯ ದಿನ ಎಂದು ಗುರುತು ಹಾಕಿಕೊಳ್ಳಿ. ಸ್ಕ್ಯಾನ್ ಮಾಡಿದ ಪ್ರತಿ, ಫೋಟೊ, ಸಹಿ ಎಲ್ಲವನ್ನೂ ಕೇಳಿದ ಅಳತೆಯಲ್ಲಿ ಮೊಬೈಲ್‌ನಲ್ಲೂ ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಂಡರೆ ಕುಶಾಲನಗರಕ್ಕೋ ಗೋಣಿಕೊಪ್ಪಕ್ಕೋ ಇಳಿದಾಗ ಸೈಬರ್ ಸೆಂಟರ್‌ನಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಮಂಗಳೂರಿನಲ್ಲಿ ಪರೀಕ್ಷೆಯೋ ಸಂದರ್ಶನವೋ ಇದ್ದರೆ ಸಂಪಾಜೆ ಘಾಟಿಯನ್ನು ನಂಬಿ ಅದೇ ದಿನ ಬೆಳಿಗ್ಗೆ ಹೊರಡಬೇಡಿ, ಹಿಂದಿನ ದಿನವೇ ಹೋಗಿ ಉಳಿಯಿರಿ. ಪರೀಕ್ಷಾ ಕೇಂದ್ರದ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮಳೆಗಾಲದಲ್ಲಿ ಮೈಸೂರನ್ನೇ ಆರಿಸಿ.

ಡಿಸೆಂಬರ್ ಆವೃತ್ತಿಯ ನೆಟ್ ಕಾಫಿ ಕೊಯ್ಲಿನ ದಿನಗಳಲ್ಲೇ ಬರುತ್ತದೆ. ತೋಟದಲ್ಲಿ ಆಳು ಸಿಗದೆ ಮನೆಮಂದಿಯೆಲ್ಲ ಕಣದಲ್ಲಿರುವ ಹೊತ್ತು. ನವೆಂಬರ್‌ಗೆ ಮೊದಲೇ ವಿಷಯದ ಪತ್ರಿಕೆಯ ಓದನ್ನು ಒಂದು ಸುತ್ತು ಮುಗಿಸಿ, ಕೊಯ್ಲಿನ ತಿಂಗಳಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ಕೆಲಸ ಮಾತ್ರ ಉಳಿಸಿಕೊಳ್ಳಿ. ಪರೀಕ್ಷೆಯ ಹಿಂದಿನ ಹತ್ತು ದಿನ ಕಣದ ಕೆಲಸದಿಂದ ಬಿಡುವು ಬೇಕೆಂದು ಪುತ್ತರಿ ಹಬ್ಬಕ್ಕೆ ಮನೆಮಂದಿ ಸೇರಿದಾಗಲೇ ಅಪ್ಪ ಅಮ್ಮನ ಬಳಿ ಮಾತಾಡಿಕೊಳ್ಳಿ.